ಬ್ರೇಕ್ ಒತ್ತಿದೆ, ನಿಲ್ಲಲಿಲ್ಲ

ಪ್ರಶ್ನೆ: ಮೊನ್ನೆ ಸಂಜೆ ನಮ್ಮ ಸುಬ್ರಹ್ಮಣ್ಯಪುರ ಮುಖ್ಯರಸ್ತೆಯಲ್ಲಿ ತುಂತುರು ಮಳೆ. ಮುಂದೆ ಬಸ್ ನಿಂತಿತೆಂದು ನಿಧಾನಿಸಿದ ಸ್ಕೂಟರಿಗೆ ಹಿಂದಿನಿಂದ ಕಾರೊಂದು ಗುದ್ದಿತು. ಸ್ಕೂಟರಿನವರ ಕೈಮೂಳೆ ಮುರಿಯಿತು. ಕಾರಿನವರು ಇಳಿದು, “ಬ್ರೇಕ್ ಒತ್ತಿದೆ ಸಾರ್, ಗಾಡಿ ನಿಲ್ಲಲಿಲ್ಲ. ಮಳೆಗೆ ನಾನೇನ್ ಮಾಡ್ಲಿ?” ಅಂದರು. ಅವರೇನೂ ಹಾರಿಸಿಕೊಂಡು ಬರುತ್ತಿರಲಿಲ್ಲ. ನಲವತ್ತರ ವೇಗ ಇದ್ದಿರಬಹುದು. ಗುಂಪಿನಲ್ಲಿದ್ದ ಪಂಕ್ಚರ್ ಅಂಗಡಿಯವರು ಮುಂದಿನ ಟೈರಿನ ಮೇಲೆ ಬೆರಳಾಡಿಸಿ, “ಬೋಳಾಗಿದೆ” ಎಂದರು. ಅದಕ್ಕೆ ಕಾರಿನವರು, “ಇದೇ ಟೈರಲ್ಲಿ ಬೇಸಿಗೆಯೆಲ್ಲ ಓಡಿಸಿದೀನಿ, ಒಂದಿನಾನೂ ಜಾರಿಲ್ಲ” ಎಂದು ವಾದಿಸಿದರು. ತಪ್ಪು ಮಳೆಯದೋ, ಟೈರಿನದೋ, ಓಡಿಸಿದವರದೋ? ಬೇಸಿಗೆಯಲ್ಲಿ ಜಾರದ ಟೈರ್ ಮಳೆಯಲ್ಲಿ ಮಾತ್ರ ಜಾರುವುದು ಹೇಗೆ? ಜೊತೆಗೊಂದು ಸ್ವಂತದ ಪ್ರಶ್ನೆ: ನನ್ನ ಕಾರಿಗೆ ಸದ್ಯಕ್ಕೆ ಎರಡು ಹೊಸ ಟೈರ್ ಹಾಕಿಸುವಷ್ಟೇ ದುಡ್ಡಿದೆ. ಮುಂದಕ್ಕೆ ಹಾಕಿಸಲೋ, ಹಿಂದಕ್ಕೋ?
ಓದುಗರೊಬ್ಬರು, ಸುಬ್ರಹ್ಮಣ್ಯಪುರ, ಬೆಂಗಳೂರು

ಉತ್ತರ: ಕಾರಿನವರು ಆಡಿದ್ದರಲ್ಲಿ ಒಂದು ಮಾತು ನಿಜ. ಬೇಸಿಗೆಯೆಲ್ಲ ಆ ಟೈರ್ ಜಾರಿರಲಿಕ್ಕಿಲ್ಲ. ಒಣಗಿದ ಡಾಂಬರಿನ ಮೇಲೆ ಬೋಳು ಟೈರ್ ಚೆನ್ನಾಗಿಯೇ ಹಿಡಿಯುತ್ತದೆ. ಫಾರ್ಮುಲಾ ಒನ್ ರೇಸಿನಲ್ಲಿ ಮಳೆಯಿಲ್ಲದ ದಿನ ಹಾಕುವ ಟೈರಿನಲ್ಲಿ ಒಂದೇ ಒಂದು ಗೆರೆ ಇರುವುದಿಲ್ಲ, ಪೂರ್ತಿ ನುಣುಪು. ರಬ್ಬರ್ ನೆಲವನ್ನು ಎಷ್ಟು ಹೆಚ್ಚು ಜಾಗದಲ್ಲಿ ಮುಟ್ಟಿದರೆ ಅಷ್ಟು ಹಿಡಿತ ಎಂಬುದು ಅಲ್ಲಿನ ಲೆಕ್ಕ. ಅದೇ ರೇಸಿನಲ್ಲಿ ಮಳೆ ಬಿದ್ದು ರಸ್ತೆ ಒದ್ದೆಯಾಯಿತೋ, ಕಾರುಗಳೆಲ್ಲ ಒಳಗೆ ಬಂದು ಗೆರೆಯಿರುವ ಟೈರ್ ಹಾಕಿಸಿಕೊಂಡು ಹೋಗುತ್ತವೆ. ಜಗತ್ತಿನ ಅತಿ ನುರಿತ ಚಾಲಕರು ನುಣ್ಣನೆಯ ಟೈರಿನಲ್ಲಿ ಒದ್ದೆ ರಸ್ತೆಗೆ ಇಳಿಯಲು ಒಪ್ಪುವುದಿಲ್ಲ. ನಮ್ಮವರು ಉತ್ತರಹಳ್ಳಿಯಿಂದ ಬನಶಂಕರಿಗೆ ಹಾಗೇ ಹೊರಡುತ್ತಾರೆ.

ಅಂದರೆ ಟೈರಿನ ಮೇಲಿನ ಗೆರೆಗಳಿರುವುದು ರಸ್ತೆಯನ್ನು ಹಿಡಿಯಲಿಕ್ಕಲ್ಲ, ನೀರಿಗೆ ದಾರಿ ಬಿಡಲಿಕ್ಕೆ. 1908ರಲ್ಲಿ ಅಮೆರಿಕದ ಫೈರ್‌ಸ್ಟೋನ್ ಕಂಪನಿ ತನ್ನ ಹೆಸರನ್ನೂ ‘ನಾನ್ ಸ್ಕಿಡ್’ ಎಂಬ ಪದವನ್ನೂ ಓರೆಯಾಗಿ ಕೆತ್ತಿದ ಟೈರ್ ತಂದಿತು. ಅಕ್ಷರಗಳ ನಡುವಿನ ಸಂದೇ ಗೆರೆ. ಜಾಹೀರಾತಿಗೆ ಜಾಹೀರಾತು, ಹಿಡಿತಕ್ಕೆ ಹಿಡಿತ! ಅಲ್ಲಿಂದೀಚೆಗೆ ವಿನ್ಯಾಸ ಬಹಳ ಬದಲಾಗಿದೆ, ಕೆಲಸ ಬದಲಾಗಿಲ್ಲ.

ಆ ಕೆಲಸ ಎಷ್ಟೆಂದು ಒಂದು ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ಕಾರಿನ ಟೈರ್ ಸುಮಾರು 18 ಸೆಂಟಿಮೀಟರ್ ಅಗಲ. ರಸ್ತೆಯ ಮೇಲೆ 2 ಮಿಲಿಮೀಟರ್ ನೀರು ನಿಂತಿದೆ, ಕಾರು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದೆ ಎಂದಿಟ್ಟುಕೊಳ್ಳಿ. ಆಗ ಒಂದೊಂದು ಮುಂದಿನ ಟೈರ್ ಸೆಕೆಂಡಿಗೆ 4 ಲೀಟರ್ ನೀರನ್ನು ತನ್ನ ದಾರಿಯಿಂದ ಸರಿಸಬೇಕು. ರಬ್ಬರಿನ ಯಾವುದೇ ಒಂದು ತುಣುಕು ನೆಲಕ್ಕೆ ತಾಗಿರುವುದು ಸೆಕೆಂಡಿನ ನೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಹೊತ್ತು, ಅಷ್ಟೇ. ಅಷ್ಟರೊಳಗೆ ನೀರು ಗೆರೆಯೊಳಗೆ ನುಗ್ಗಿ, ಅಕ್ಕಪಕ್ಕಕ್ಕೆ ಚಿಮ್ಮಿ, ಒಣ ನೆಲ ಸಿಗಬೇಕು. ವೇಗ ಎಂಬತ್ತಕ್ಕೆ ಏರಿತೋ, ನೀರು 8 ಲೀಟರ್ ಆಗುತ್ತದೆ, ಸಿಗುವ ಸಮಯ ಅರ್ಧವಾಗುತ್ತದೆ. ಹೊಸ ಟೈರಿನಲ್ಲಿ ಗೆರೆಯ ಆಳ 8 ಮಿಲಿಮೀಟರಿನ ಆಸುಪಾಸು. ಕಾರಿನ ಟೈರಿಗೆ ನಮ್ಮ ಕಾನೂನು ಹೇಳುವ ಕನಿಷ್ಠ ಆಳ 1.6 ಮಿಲಿಮೀಟರ್. ಕಾನೂನಿನ ಆ ಗಡಿ ಮುಟ್ಟುವ ಹೊತ್ತಿಗೇ ಐದರಲ್ಲಿ ನಾಲ್ಕು ಪಾಲು ಆಳ ಹೋಗಿರುತ್ತದೆ. ಬೆರಳಿಗೆ ನುಣ್ಣಗೆ ಸಿಗುವ ಟೈರಿನಲ್ಲಿ ನೀರು ಹೋಗಲು ದಾರಿಯೇ ಇಲ್ಲ. ಅದು ಅಡಿಯಲ್ಲೇ ಉಳಿಯುತ್ತದೆ.

“ತುಂತುರು ಮಳೆ” ಎಂದು ಬರೆದಿದ್ದೀರಿ. ಜೋರು ಮಳೆಯಾಗಿದ್ದರೆ ಸರಿ, ಹನಿಮಳೆಗೇ ಹೀಗಾಯಿತಲ್ಲ ಎಂಬ ಅಚ್ಚರಿ ನಿಮ್ಮ ಮಾತಿನಲ್ಲಿದೆ. ನಡೆಯುವುದು ತಿರುಗುಮುರುಗು. ಒಣ ದಿನಗಳಲ್ಲಿ ರಸ್ತೆಯ ಮೇಲೆ ಇಂಜಿನ್ ಆಯಿಲ್, ಡೀಸೆಲ್ ಹನಿ, ಟೈರಿನ ರಬ್ಬರ್ ಪುಡಿ, ಟಿಪ್ಪರಿನಿಂದ ಉದುರಿದ ಎಂ-ಸ್ಯಾಂಡ್, ಕಟ್ಟಡದ ಧೂಳು ಎಲ್ಲ ಸೇರಿ ಕೂತಿರುತ್ತವೆ. ಮೊದಲ ಹನಿಗಳು ಅದನ್ನು ತೊಳೆಯುವುದಿಲ್ಲ, ಕಲಸುತ್ತವೆ. ಬಚ್ಚಲಲ್ಲಿ ಕಾಲು ಜಾರುವುದು ನೀರು ಧಾರಾಳವಾಗಿ ಹರಿಯುವಾಗಲ್ಲ, ಸೋಪಿನ ತೆಳುಪೊರೆ ಉಳಿದಾಗ. ರಸ್ತೆಯದ್ದೂ ಅದೇ ಕಥೆ. ಅರ್ಧ ಗಂಟೆ ಚೆನ್ನಾಗಿ ಸುರಿದ ಮೇಲೆ ಡಾಂಬರು ಎಷ್ಟೋ ವಾಸಿ.

ಇದರಲ್ಲಿ ಬೆಂಗಳೂರಿನದ್ದೇ ಒಂದು ತೊಂದರೆಯಿದೆ. ಮಲೆನಾಡಿನಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಹಿಡಿಯುತ್ತದೆ; ರಸ್ತೆ ತೊಳೆದು ಸ್ವಚ್ಛವಾಗಿರುತ್ತದೆ (ಪಾಚಿಯ ಕಾಟ ಬೇರೆ ಮಾತು). ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಿಂದ ಹಿಡಿದು ಅತಿ ಹೆಚ್ಚು ಮಳೆ ಬೀಳುವ ಸೆಪ್ಟೆಂಬರ್, ಅಕ್ಟೋಬರ್ ತನಕ, ಒಂದು ಸಂಜೆ ಸುರಿದು ಮೂರು ದಿನ ಬಿಸಿಲು. ಆ ಮೂರು ದಿನದಲ್ಲಿ ಎಣ್ಣೆ ಧೂಳು ಮತ್ತೆ ಕೂತುಕೊಳ್ಳುತ್ತದೆ. ಹಾಗಾಗಿ ಇಲ್ಲಿ ವರ್ಷಕ್ಕೊಂದು ಮೊದಲ ಮಳೆಯಲ್ಲ, ಹತ್ತಾರು. ಅದೂ ಬಹುಪಾಲು ಸಂಜೆ ಆಫೀಸು ಬಿಡುವ ಹೊತ್ತಿಗೇ. ಜಯನಗರದ ಕಡೆ ಹೊಂಗೆ ಹೂ ಉದುರುವ ಕಾಲದಲ್ಲಿ ಹೂವಿನ ಹಾಸೊಂದು ಬೇರೆ ಸೇರಿಕೊಳ್ಳುತ್ತದೆ. ಜೀಬ್ರಾ ಪಟ್ಟೆಯ ಬಣ್ಣ, ಮ್ಯಾನ್‌ಹೋಲ್ ಮುಚ್ಚಳ, ಕಾಮಗಾರಿಯ ಗುಂಡಿಯ ಮೇಲೆ ಹಾಸಿದ ಕಬ್ಬಿಣದ ಹಲಗೆ, ಇವು ಒದ್ದೆಯಾದಾಗ ಒಳ್ಳೆಯ ಟೈರನ್ನೂ ಕೈಬಿಡುತ್ತವೆ. ವಸಂತಪುರ, ಕೋಣನಕುಂಟೆಯ ಕಡೆಯ ಏರಿಳಿತ ನಿಮಗೆ ಗೊತ್ತೇ ಇದೆ. ಇಳಿಜಾರಿನಲ್ಲಿ ನೆಲದ ಹಿಡಿತದ ಒಂದು ಪಾಲು ಕಾರನ್ನು ಕೆಳಗೆ ಹೋಗದಂತೆ ತಡೆಯುವುದಕ್ಕೇ ಖರ್ಚಾಗಿ, ನಿಲ್ಲಿಸುವುದಕ್ಕೆ ಕಡಿಮೆ ಉಳಿಯುತ್ತದೆ.

ಇನ್ನು ಆ ನಲವತ್ತರ ವೇಗ. ಮುಂದಿನವು ಅಂದಾಜಿನ ಅಂಕಿ. ರಸ್ತೆ, ಟೈರ್ ಬದಲಾದರೆ ಬದಲಾಗುತ್ತವೆ, ಅನುಪಾತ ಮಾತ್ರ ಹೀಗೇ ಇರುತ್ತದೆ. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ 11 ಮೀಟರ್. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್ ಕಳೆದರೆ 11 ಮೀಟರ್ ಹೋಯಿತು. ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ಕಾರು ಸುಮಾರು 9 ಮೀಟರಿನಲ್ಲಿ ನಿಲ್ಲುತ್ತದೆ. ಒದ್ದೆ ರಸ್ತೆ, ಒಳ್ಳೆಯ ಟೈರ್ ಆದರೆ ಹನ್ನೆರಡೂವರೆ ಮೀಟರ್. ಒದ್ದೆ ರಸ್ತೆಗೆ ಬೋಳು ಟೈರ್ ಸೇರಿದರೆ 21 ಮೀಟರ್. ಒಳ್ಳೆ ಟೈರಿನ ಕಾರು ಪೂರ್ತಿ ನಿಂತುಬಿಡುವ ಜಾಗಕ್ಕೆ ಬಂದಾಗ ಬೋಳು ಟೈರಿನ ಕಾರು ಇನ್ನೂ ಗಂಟೆಗೆ 25 ಕಿ.ಮೀ. ವೇಗದಲ್ಲಿರುತ್ತದೆ. ಕೈಮೂಳೆ ಮುರಿಯಲು ಅಷ್ಟು ಧಾರಾಳ ಸಾಕು.

ಇದೇ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ನೋಡಬಹುದು, ಅದು ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಅದೇ ಬೋಳು ಟೈರಿನಲ್ಲಿ, ಅದೇ ಒದ್ದೆ ರಸ್ತೆಯಲ್ಲಿ ಅವರು ನಲವತ್ತರ ಬದಲು ಮೂವತ್ತರಲ್ಲಿ ಬಂದಿದ್ದರೆ 12 ಮೀಟರಿಗೂ ಮೊದಲೇ ನಿಲ್ಲುತ್ತಿದ್ದರು. ಅಂದರೆ ನಲವತ್ತರಲ್ಲಿ ಬಂದ ಒಳ್ಳೆ ಟೈರಿನ ಕಾರಿಗಿಂತ ಮುಂಚೆ. ನಿಲ್ಲುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುವುದರಿಂದ ಸ್ವಲ್ಪ ವೇಗ ಇಳಿಸಿದರೂ ಬಹಳ ದೂರ ಉಳಿಯುತ್ತದೆ. ಟೈರ್ ಬದಲಿಸಲು ದುಡ್ಡಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಬಲಗಾಲನ್ನು ಎತ್ತಲು ದುಡ್ಡು ಬೇಕಿರಲಿಲ್ಲ. “ಮಳೆಗೆ ನಾನೇನ್ ಮಾಡ್ಲಿ” ಎಂಬ ಪ್ರಶ್ನೆಗೆ ಉತ್ತರ ಅದು.

ನೀರಿನ ಮೇಲೆ ತೇಲುವುದು ಎನ್ನುತ್ತಾರಲ್ಲ, ಹೈಡ್ರೋಪ್ಲೇನಿಂಗ್, ಅದು ಇಲ್ಲಿ ನಡೆದಿರಲಾರದು. 1960ರ ದಶಕದಲ್ಲಿ ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿ ವಾಲ್ಟರ್ ಹಾರ್ನ್ ಮತ್ತು ಸಂಗಡಿಗರು ವಿಮಾನದ ಚಕ್ರಗಳು ಒದ್ದೆ ರನ್‌ವೇ ಮೇಲೆ ಯಾವ ವೇಗದಲ್ಲಿ ನೆಲ ಬಿಡುತ್ತವೆ ಎಂದು ಪರೀಕ್ಷಿಸಿ ಒಂದು ಸರಳ ಸೂತ್ರ ಕೊಟ್ಟರು: ಆ ವೇಗ ಟೈರಿನ ಗಾಳಿಯ ಒತ್ತಡದ ವರ್ಗಮೂಲದ ಮೇಲೆ ನಿಂತಿದೆ. 33 ಪಿಎಸ್‌ಐ ಗಾಳಿಯಿರುವ ಟೈರಿಗೆ ಆ ವೇಗ ಗಂಟೆಗೆ ಸುಮಾರು 95 ಕಿ.ಮೀ. ಗಾಳಿ 22ಕ್ಕೆ ಇಳಿದಿದ್ದರೆ 78. ಕಾರಿನ ಸವೆದ ಟೈರ್ ಇನ್ನೂ ಮೊದಲೇ ನೆಲ ಬಿಡಬಹುದು. ಸುಬ್ರಹ್ಮಣ್ಯಪುರದ ಟ್ರಾಫಿಕ್ಕಿನಲ್ಲಿ ಆ ವೇಗ ಕನಸು. ಆದರೆ ನಿಮ್ಮ ಮನೆಯಿಂದ ಸ್ವಲ್ಪ ದೂರದ ನೈಸ್ ರಸ್ತೆಯಲ್ಲಿ ಅದು ಪ್ರತಿ ರಾತ್ರಿಯ ಮಾತು. ಅಲ್ಲಿ ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಹಗುರಾದರೆ ಬ್ರೇಕ್ ಅದುಮಬಾರದು, ಚಕ್ರ ತಿರುಗಿಸಬಾರದು. ಆಕ್ಸಿಲರೇಟರ್ ಬಿಟ್ಟು ನೇರ ಹಿಡಿದುಕೊಂಡಿರಬೇಕು. ವೇಗ ಇಳಿದಂತೆ ಟೈರ್ ತಾನೇ ನೆಲಕ್ಕೆ ಬರುತ್ತದೆ.

“ನಮ್ಮ ಕಾರಿನಲ್ಲಿ ಎಬಿಎಸ್ ಇದೆ” ಎನ್ನುವವರಿಗೂ ಒಂದು ಮಾತು. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಲ್ಲೂ ಅದು ಕಡ್ಡಾಯ. ಚಕ್ರ ಲಾಕ್ ಆಗದಂತೆ ನೋಡಿಕೊಂಡು, ಬ್ರೇಕ್ ಹಿಡಿದಾಗಲೂ ಕಾರನ್ನು ಪಕ್ಕಕ್ಕೆ ತಿರುಗಿಸಲು ಅವಕಾಶ ಕೊಡುತ್ತದೆ, ಬಹಳ ಒಳ್ಳೆಯದು. ಇರುವ ಹಿಡಿತವನ್ನು ಅದು ಜಾಣತನದಿಂದ ಬಳಸುತ್ತದೆ. ಇಲ್ಲದ ಹಿಡಿತವನ್ನು ತರುವುದಿಲ್ಲ. ಅದು ಕೆಲಸ ಮಾಡುವಾಗ ಪೆಡಲ್ ಕಾಲಿನಡಿ ದಡದಡ ನಡುಗುತ್ತದೆ. ಏನೋ ಮುರಿಯಿತೆಂದು ಹೆದರಿ ಕಾಲು ತೆಗೆಯುವವರು ಇದ್ದಾರೆ. ತೆಗೆಯಬಾರದು, ಒತ್ತಿಯೇ ಇರಬೇಕು.

ಈಗ ತಪ್ಪಿನ ವಿಷಯಕ್ಕೆ. ಕಾನೂನು ಇದನ್ನು ನೀವು ಕೇಳಿದ ಹಾಗೆ ಮೂರು ಪಾಲು ಮಾಡಿ ಕೇಳುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮ, ಟೈರ್ ಸುಸ್ಥಿತಿಯಲ್ಲಿರಬೇಕು ಎನ್ನುತ್ತದೆ: ಒಳಗಿನ ಬಟ್ಟೆಯ ಪದರ ಕಾಣಬಾರದು, ಉಬ್ಬು ಇರಬಾರದು, ಗೆರೆಯ ಆಳ ಕಾರಿಗೆ 1.6, ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ 0.8 ಮಿಲಿಮೀಟರಿಗಿಂತ ಕಡಿಮೆಯಿರಬಾರದು. ಅದರ ಜೊತೆಗಿರುವುದು 1988ರ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್. ನನ್ನ ಪ್ರಕಾರ ನಿಮ್ಮ ಪ್ರಶ್ನೆಯ ಉತ್ತರವೆಲ್ಲ ಅದರ ಒಂದೇ ವಾಕ್ಯದೊಳಗಿದೆ. ವಾಹನದಲ್ಲಿ ಅಪಾಯ ತರುವ ದೋಷವಿದೆ ಎಂದು ಗೊತ್ತಿದ್ದೂ, ಅಥವಾ ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದೋಷವಿದ್ದೂ ಅದನ್ನು ರಸ್ತೆಗೆ ತಂದರೆ ಅಪರಾಧ. “ನನಗೆ ಗೊತ್ತಿರಲಿಲ್ಲ” ಎಂಬ ಬಾಗಿಲನ್ನು ಆ ಎರಡನೇ ತುಂಡು ಮುಚ್ಚಿಬಿಡುತ್ತದೆ. ಪಂಕ್ಚರ್ ಅಂಗಡಿಯವರಿಗೆ ಒಂದು ಬೆರಳಿನಲ್ಲಿ ಗೊತ್ತಾದದ್ದು ಕಾರಿನವರಿಗೆ ಗೊತ್ತಾಗಬಹುದಿತ್ತೇ ಎಂದು ಕೇಳಿದರೆ ಯಾವ ನ್ಯಾಯಾಧೀಶರೂ ಹೆಚ್ಚು ಹೊತ್ತು ಯೋಚಿಸಬೇಕಾಗಿಲ್ಲ.

ಶಿಕ್ಷೆ ದೊಡ್ಡದೇನಲ್ಲ. 2019ರ ತಿದ್ದುಪಡಿಯ ನಂತರ, ಅಂಥ ವಾಹನ ಓಡಿಸಿದ್ದಕ್ಕೆ 1,500 ರೂಪಾಯಿವರೆಗೆ ದಂಡ. ಆ ದೋಷದಿಂದಲೇ ಅಪಘಾತವಾಗಿ ಗಾಯವೋ ನಷ್ಟವೋ ಆದರೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಆದರೆ ಈ ಪ್ರಕರಣ ಅಲ್ಲಿಗೆ ನಿಲ್ಲುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಜಾಗರೂಕ ಚಾಲನೆಗೆ 281ನೇ ಸೆಕ್ಷನ್, ಅಜಾಗರೂಕತೆಯಿಂದ ಗಾಯಗೊಳಿಸಿದ್ದಕ್ಕೆ 125. ಮೂಳೆ ಮುರಿದರೆ ಕಾನೂನಿನ ಕಣ್ಣಿಗೆ ಅದು ತೀವ್ರ ಗಾಯ. ಮೂರು ವರ್ಷಗಳವರೆಗೂ ಸೆರೆ ಆಗಬಹುದು. ಸ್ಕೂಟರಿನವರ ಜೀವ ಹೋಗಿದ್ದರೆ 106ನೇ ಸೆಕ್ಷನ್, ಐದು ವರ್ಷಗಳವರೆಗೆ. ಹಳೆಯ ದಂಡ ಸಂಹಿತೆಯ 304ಎ ಅಡಿ ಇದು ಎರಡು ವರ್ಷವಿತ್ತು.

ಟೈರಿನ ನೆಪ ನ್ಯಾಯಾಲಯದಲ್ಲಿ ನಡೆಯುತ್ತದೆಯೇ? ಬಹಳ ಹಿಂದೆಯೇ ಇದು ತೀರ್ಮಾನವಾಗಿದೆ. 1977ರಲ್ಲಿ ಮಿನೂ ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಯಂತ್ರದ ದೋಷದಿಂದ ಅಪಘಾತವಾಯಿತು ಎನ್ನುವ ಮಾಲೀಕ, ಆ ದೋಷ ಒಳಗೆ ಅಡಗಿತ್ತು, ತಕ್ಕ ಎಚ್ಚರಿಕೆ ವಹಿಸಿದರೂ ಕಾಣುವಂತಿರಲಿಲ್ಲ ಎಂದು ತೋರಿಸಬೇಕು. ಒಳಗೇ ಬಿರುಕುಬಿಟ್ಟ ಕಬ್ಬಿಣಕ್ಕೆ ಈ ಮಾತು ಒಪ್ಪಬಹುದು. ಟೈರ್ ಹೊರಗೇ ಇದೆ, ನಾಲ್ಕೂ ಮೂಲೆಯಲ್ಲಿ. 2023ರಲ್ಲಿ ಬಾಂಬೆ ಹೈಕೋರ್ಟ್ ಇನ್ನೂ ಬಿಚ್ಚಿ ಹೇಳಿತು. 2010ರಲ್ಲಿ ಪುಣೆಯಿಂದ ಮುಂಬೈಗೆ ಹೊರಟ ಕಾರಿನ ಟೈರ್ ಸಿಡಿದು ಒಬ್ಬರು ಸತ್ತಿದ್ದರು. ಇದು ದೈವದ ಆಟ, ಪರಿಹಾರ ಕೊಡಬೇಕಿಲ್ಲ ಎಂದು ವಿಮಾ ಕಂಪನಿ ವಾದಿಸಿತ್ತು. ಟೈರ್ ಸಿಡಿಯುವುದು ದೈವದ ಕೈವಾಡವಲ್ಲ, ಮನುಷ್ಯನ ನಿರ್ಲಕ್ಷ್ಯ. ಅತಿವೇಗ, ಗಾಳಿ ಹೆಚ್ಚುಕಡಿಮೆಯಾಗಿರುವುದು, ಸೆಕೆಂಡ್ ಹ್ಯಾಂಡ್ ಟೈರ್, ಬಿಸಿಲು ಹೀಗೆ ಕಾರಣ ಹಲವು, ಹೊರಡುವ ಮೊದಲು ಟೈರ್ ನೋಡಿಕೊಳ್ಳುವುದು ಓಡಿಸುವವರ ಕೆಲಸ ಎಂದಿತು ಕೋರ್ಟ್.

ನಮ್ಮ ರಾಜ್ಯದ್ದೇ ಒಂದು ಪ್ರಕರಣ ಇನ್ನೂ ಕಟುವಾದದ್ದು. 2014ರ ಜೂನ್‌ನಲ್ಲಿ ಅರಸೀಕೆರೆ ಬಳಿ ಮನೆಮಂದಿಯೊಡನೆ ಹೋಗುತ್ತಿದ್ದ ಕಾರು ಮಗುಚಿ, ಓಡಿಸುತ್ತಿದ್ದವರು ತೀರಿಕೊಂಡರು. ಕುಟುಂಬ 80 ಲಕ್ಷ ರೂಪಾಯಿ ಪರಿಹಾರ ಕೇಳಿತು. ಟೈರ್ ಸಿಡಿದದ್ದೇ ಕಾರಣ ಎಂದಿತು. ಪೊಲೀಸರ ಆರೋಪಪಟ್ಟಿ ಅತಿವೇಗ, ಅಜಾಗರೂಕತೆ ಎನ್ನುತ್ತಿತ್ತು. ಕರ್ನಾಟಕ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ಬೇಡಿಕೆ ತಿರಸ್ಕರಿಸಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ತನ್ನದೇ ತಪ್ಪಿನಿಂದ ಸತ್ತವರ ವಾರಸುದಾರರು ಬೇರೆಯವರ ತಪ್ಪಿನಿಂದ ಸತ್ತವರಂತೆ ಪರಿಹಾರ ಪಡೆಯಲಾಗದು ಎಂಬುದು ತತ್ವ. ಮನೆಮಂದಿಗೆ ಇದು ಎರಡನೇ ಪೆಟ್ಟು. ಆದರೆ ಟೈರಿನ ಮೇಲೆ ಹೇರಿದ ತಪ್ಪು ಸುತ್ತಿ ಎಲ್ಲಿಗೆ ಬಂದು ನಿಲ್ಲುತ್ತದೆ ಎನ್ನುವುದು ಇದರಲ್ಲಿ ಕಾಣುತ್ತದೆ.

ವ್ಯವಹಾರದಲ್ಲಿ ಆಗುವುದು ಬೇರೆಯೇ. ಅಪಘಾತದ ನಂತರ ಆರ್‌ಟಿಒದ ಇನ್‌ಸ್ಪೆಕ್ಟರ್ ಬಂದು ವಾಹನ ನೋಡಿ ವರದಿ ಬರೆಯುತ್ತಾರೆ. ಜನರ ಬಾಯಲ್ಲಿ ಅವರು ಬ್ರೇಕ್ ಇನ್‌ಸ್ಪೆಕ್ಟರ್. ವರದಿಯ ಕೊನೆಗೆ ಎಷ್ಟೋ ಸಲ ಒಂದೇ ಸಾಲು ಇರುತ್ತದೆ: ಅಪಘಾತ ವಾಹನದ ಯಾಂತ್ರಿಕ ದೋಷದಿಂದ ಆದುದಲ್ಲ. ಟೈರಿನ ಆಳ ಅಳೆದು ಅಂಕಿ ಬರೆಯುವುದು ಅಭ್ಯಾಸವಾದರೆ ನಮಗೆ ಒಂದಿಷ್ಟು ಸತ್ಯ ಗೊತ್ತಾದೀತು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 4,61,312 ಅಪಘಾತ, 1,68,491 ಸಾವು. ಬಹುಪಾಲಿಗೆ ಕಾರಣ ಅತಿವೇಗ ಎಂದು ಬರೆದಿದೆ. ಒದ್ದೆ ರಸ್ತೆಯ ಬೋಳು ಟೈರಿಗೆ ನಲವತ್ತೂ ಅತಿವೇಗವೇ. ಹಾಗೆ ಬರೆದುಕೊಂಡಾಗ ಟೈರಿನ ಪಾಲು ಆ ಮಾತಿನೊಳಗೆ ಮುಳುಗಿಹೋಗುತ್ತದೆ.

ಅಪಘಾತಕ್ಕೂ ಮೊದಲಿನ ತಪಾಸಣೆಯಲ್ಲೇ ಕೊರತೆಯೊಂದಿದೆ. ಹಳದಿ ಬೋರ್ಡಿನ ಟ್ಯಾಕ್ಸಿ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿಗೆ (ಸುಸ್ಥಿತಿ ಪ್ರಮಾಣಪತ್ರದ ತಪಾಸಣೆಗೆ) ಹೋಗಬೇಕು. ಸ್ವಂತದ ಬಿಳಿ ಬೋರ್ಡ್ ಕಾರನ್ನು ಜಯನಗರದ ಆರ್‌ಟಿಒದಲ್ಲಿ ಕೆಎ-05 ಎಂದು ನೋಂದಾಯಿಸಿದರೆ ಮುಂದಿನ 15 ವರ್ಷ ಸರ್ಕಾರದ ಯಾರೊಬ್ಬರೂ ಅದರ ಟೈರ್ ನೋಡಬೇಕಿಲ್ಲ. ಹೊಗೆ ತಪಾಸಣೆಯವರು ಹೊಗೆ ಮಾತ್ರ ನೋಡುತ್ತಾರೆ. ವಿಮೆ ಫೋನಿನಲ್ಲೇ ನವೀಕರಣವಾಗುತ್ತದೆ. ಬ್ರಿಟನ್ನಿನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ತಪಾಸಣೆ ಕಡ್ಡಾಯ. ಸವೆದ ಟೈರೊಂದಕ್ಕೆ 2,500 ಪೌಂಡ್‌ವರೆಗೆ ದಂಡ, ಲೈಸೆನ್ಸಿಗೆ ಮೂರು ಕಪ್ಪುಚುಕ್ಕೆ. ನಾಲ್ಕು ಬೋಳು ಟೈರಿಗೆ ನಾಲ್ಕರಷ್ಟು. ನಮ್ಮಲ್ಲಿ ಯಾರೂ ನೋಡದ 15 ವರ್ಷ ನೋಡಬೇಕಾದ ಏಕೈಕ ವ್ಯಕ್ತಿ ಕೀಲಿ ಹಿಡಿದವರು. ಇದು ಸರಿಯಾದ ವ್ಯವಸ್ಥೆ ಎಂದು ನಾನು ಹೇಳುತ್ತಿಲ್ಲ, ಸದ್ಯ ಇರುವುದು ಇದು.

ಕೀಲಿ ಹಿಡಿದವರೇ ಕಾರಿನ ಯಜಮಾನರಾಗಿರಬೇಕೆಂದಿಲ್ಲ. ಬಿಟಿಎಂ ಲೇಔಟಿನಿಂದ ಕಂಪನಿಗಳಿಗೆ ಜನರನ್ನು ಹೊತ್ತೊಯ್ಯುವ ಕ್ಯಾಬ್‌ಗಳನ್ನೂ ಶಾಲಾ ವ್ಯಾನುಗಳನ್ನೂ ಓಡಿಸುವವರಲ್ಲಿ ಅನೇಕರು ದಿನದ ಬಾಡಿಗೆಗೋ ಸಂಬಳಕ್ಕೋ ದುಡಿಯುವವರು. “ಟೈರ್ ಹೋಗಿದೆ ಅಣ್ಣಾ” ಎಂದರೆ “ಇನ್ನೊಂದು ತಿಂಗಳು ಓಡ್ಸು” ಎಂಬ ಉತ್ತರ ಬಂದಿರುತ್ತದೆ. 190ನೇ ಸೆಕ್ಷನ್ ಓಡಿಸಿದವರನ್ನಷ್ಟೇ ಅಲ್ಲ, ಓಡಿಸಲು ಹಚ್ಚಿದವರನ್ನು, ಓಡಿಸಲು ಬಿಟ್ಟವರನ್ನೂ ಹೆಸರಿಸುತ್ತದೆ. ಠಾಣೆಯಲ್ಲಿ ಸಿಕ್ಕಿಬೀಳುವುದು ಮಾತ್ರ ಸಾಮಾನ್ಯವಾಗಿ ಸ್ಟಿಯರಿಂಗ್ ಹಿಡಿದಿದ್ದ ಹುಡುಗ. ಅಂಥ ಕೆಲಸದಲ್ಲಿರುವವರಿಗೆ ನನ್ನ ಸಲಹೆ: ಟೈರಿನ ಫೋಟೊ ತೆಗೆದು ಯಜಮಾನರಿಗೆ ವಾಟ್ಸ್ಆ್ಯಪಿನಲ್ಲಿ ಕಳಿಸಿ, ಅಳಿಸಬೇಡಿ. ಅದು ನಿಮ್ಮ ಹೊಣೆಯನ್ನು ಪೂರ್ತಿ ಇಳಿಸುವುದಿಲ್ಲ, ಯಜಮಾನರ ಹೊಣೆಯನ್ನು ಖಂಡಿತ ತೋರಿಸುತ್ತದೆ.

ಸ್ಕೂಟರಿನವರು ಏನಾಗುತ್ತಾರೋ ಎಂಬ ಚಿಂತೆ ಬೇಡ. ಕಾರಿಗೆ ಥರ್ಡ್ ಪಾರ್ಟಿ ವಿಮೆಯಿದ್ದರೆ, ಟೈರ್ ಬೋಳಾಗಿತ್ತು ಎಂಬ ಕಾರಣಕ್ಕೆ ಕಂಪನಿ ಅವರಿಗೆ ಪರಿಹಾರ ನಿರಾಕರಿಸುವಂತಿಲ್ಲ. ಕಂಪನಿ ಎತ್ತಬಹುದಾದ ತಕರಾರುಗಳನ್ನು ಮೋಟಾರು ವಾಹನ ಕಾಯ್ದೆಯ 150ನೇ ಸೆಕ್ಷನ್ ಪಟ್ಟಿ ಮಾಡಿದೆ. ಅದರಲ್ಲಿ ಟೈರ್ ಇಲ್ಲ. ತಪ್ಪು ಯಾರದೆಂದು ಸಾಬೀತುಪಡಿಸುವ ಗೋಜೇ ಬೇಡವೆಂದರೆ 164ನೇ ಸೆಕ್ಷನ್ ಅಡಿ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಕೇಳಬಹುದು. ಹೆಚ್ಚು ಬೇಕೆಂದರೆ 166ರಡಿ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗಬೇಕು. ತಕರಾರು ಬರುವುದು ಕಾರಿನವರು ತಮ್ಮದೇ ಬಾನೆಟ್ಟು, ಬಂಪರಿನ ರಿಪೇರಿ ಕೇಳಿದಾಗ. ವಾಹನವನ್ನು ಸುಸ್ಥಿತಿಯಲ್ಲಿಡುತ್ತೇನೆ ಎಂಬ ಷರತ್ತಿಗೆ ಅವರು ಪಾಲಿಸಿಯಲ್ಲಿ ಒಪ್ಪಿರುತ್ತಾರೆ. ಸರ್ವೇಯರ್ ಟೈರಿನ ಫೋಟೊ ತೆಗೆಯುವುದು ಸುಮ್ಮನಲ್ಲ.

ರಸ್ತೆಯ ಪಾಲು ಇಲ್ಲವೇ ಎಂದು ಕೇಳಬಹುದು. ಇದೆ. ಮೋರಿ ಕಟ್ಟಿಕೊಂಡು ನೀರು ನಿಂತರೆ, ಗುಂಡಿ ಮುಚ್ಚದಿದ್ದರೆ, ಅಗೆದ ಮಣ್ಣು ಬಿಟ್ಟುಹೋದರೆ ಅದಕ್ಕೆ ಹೊಣೆಗಾರರಿದ್ದಾರೆ. 2019ರಲ್ಲಿ ಅದೇ ಕಾಯ್ದೆಗೆ ಸೇರಿಸಿದ 198ಎ ಸೆಕ್ಷನ್ ಕಳಪೆ ರಸ್ತೆಯಿಂದ ಸಾವೋ ಅಂಗವೈಕಲ್ಯವೋ ಆದರೆ ಗುತ್ತಿಗೆದಾರರಿಗೂ ಸಂಬಂಧಪಟ್ಟ ಪ್ರಾಧಿಕಾರಕ್ಕೂ ಒಂದು ಲಕ್ಷದವರೆಗೆ ದಂಡ ಹಾಕುತ್ತದೆ. ನೀವು ಬರೆದ ಘಟನೆಯಲ್ಲಿ ಮಾತ್ರ ಗುಂಡಿಯ ಮಾತಿಲ್ಲ. ಮುಂದಿನ ವಾಹನ ದಿಢೀರನೆ ನಿಂತರೂ ಗುದ್ದದಷ್ಟು ಅಂತರ ಬಿಡಬೇಕೆಂಬುದು ರಸ್ತೆಯ ಹಳೆಯ ನಿಯಮ. ಒದ್ದೆ ರಸ್ತೆಯಲ್ಲಿ ಆ ಅಂತರ ಕಡಿಮೆಯೆಂದರೂ ದುಪ್ಪಟ್ಟು. ಅಂತರ ಬಿಟ್ಟರೆ ಆಟೊ ನುಗ್ಗುತ್ತದೆ ಎನ್ನುತ್ತೀರಿ, ನಿಜ, ನುಗ್ಗುತ್ತದೆ. ಮತ್ತೊಮ್ಮೆ ಬಿಡಬೇಕು. ಹಾಗಾಗಿ ನನ್ನ ಲೆಕ್ಕದಲ್ಲಿ ಮಳೆಗೆ ಪಾಲಿಲ್ಲ, ಟೈರಿಗೂ ಪಾಲಿಲ್ಲ. ಬ್ರೇಕ್ ಒತ್ತಿದ ಗಳಿಗೆಯಲ್ಲಿ ಆ ಚಾಲಕರು ಮಾಡಬಹುದಾದದ್ದು ಏನೂ ಉಳಿದಿರಲಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಟೈರ್ ನೋಡದೆ ಬಿಟ್ಟ ತಿಂಗಳುಗಳಲ್ಲಿ, ಹನಿ ಬಿದ್ದ ಮೇಲೂ ವೇಗ ಇಳಿಸದ ನಿಮಿಷಗಳಲ್ಲಿ ಅವರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು.

ನಿಮ್ಮ ಕಾರಿನ ಮಾತಿಗೆ ಬರೋಣ. ಟೈರಿನ ಭುಜದ ಮೇಲೆ ಸಣ್ಣ ತ್ರಿಕೋನವೋ ಟಿಡಬ್ಲ್ಯುಐ ಎಂಬ ಅಕ್ಷರವೋ ಕಾಣುತ್ತದೆ. ಅದರ ನೇರಕ್ಕೆ ಗೆರೆಯೊಳಗೆ ಬೆರಳಿಟ್ಟರೆ ಅಡ್ಡಲಾಗಿ ಒಂದು ಪುಟ್ಟ ದಿಬ್ಬ ಸಿಗುತ್ತದೆ. ಮೇಲ್ಮೈ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದಿದ್ದರೆ 1.6 ಮಿಲಿಮೀಟರ್ ಮುಗಿದಂತೆ. ಬೆಂಗಳೂರಿನ ಮಳೆಗೆ ನಾನಾದರೆ ಅಲ್ಲಿತನಕ ಕಾಯುವುದಿಲ್ಲ. 3 ಮಿಲಿಮೀಟರಿಗೇ ಬದಲಿಸುತ್ತೇನೆ. ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ಟೈರಿನ ಒಳಅಂಚನ್ನೂ ನೋಡಿ: ಅಲೈನ್‌ಮೆಂಟ್ ತಪ್ಪಿದ್ದರೆ ಹೊರಗೆ ಗೆರೆ ಚೆನ್ನಾಗಿದ್ದು ಒಳಗೆ ಬೋಳಾಗಿರುತ್ತದೆ. ಪಕ್ಕದಲ್ಲಿ ಅಂಡಾಕಾರದೊಳಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಕಡಿಮೆ ಓಡಿದ ಹಳೆ ಟೈರಿನಲ್ಲಿ ಗೆರೆ ಆಳವಾಗಿದ್ದರೂ ರಬ್ಬರ್ ಗಟ್ಟಿಯಾಗಿ ಒದ್ದೆಯಲ್ಲಿ ಹಿಡಿಯುವುದಿಲ್ಲ. ಹಳೆ ಟೈರಿಗೆ ಹೊಸದಾಗಿ ಗೆರೆ ಕೊಯ್ದು ಮಾರುವವರ ಹತ್ತಿರ ಹೋಗಲೇಬೇಡಿ. ಕೊಯ್ದಷ್ಟೂ ಒಳಗಿನ ಪದರ ತೆಳ್ಳಗಾಗಿರುತ್ತದೆ.

ಎರಡೇ ಹೊಸ ಟೈರ್ ಎಂದರೆ ಹಿಂದಕ್ಕೆ ಹಾಕಿಸಿ. ಅಂಗಡಿಯವರು ಮುಂದಕ್ಕೆ ಎನ್ನುತ್ತಾರೆ, ಏಕೆಂದರೆ ನಮ್ಮ ಹೆಚ್ಚಿನ ಕಾರುಗಳಲ್ಲಿ ಇಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು, ಬೇಗ ಸವೆಯುವುದೂ ಅವೇ. ಆದರೆ ಒದ್ದೆ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ತಿರುಗದೆ ನೇರ ಹೋಗುತ್ತದೆ; ಯಾರಾದರೂ ಸಹಜವಾಗಿ ಆಕ್ಸಿಲರೇಟರ್ ಬಿಡುತ್ತಾರೆ, ಹಿಡಿತ ಮರಳುತ್ತದೆ. ಹಿಂದಿನ ಚಕ್ರ ಜಾರಿದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ. ಅದನ್ನು ಹಿಡಿಯುವುದು ನಮ್ಮನಿಮ್ಮಂಥವರಿಗೆ ಆಗದ ಮಾತು. ಹಾಗಾಗಿ ಈಗ ಹಿಂದಿರುವ ಜೋಡಿಯನ್ನು ಮುಂದಕ್ಕೆ ತಂದು ಹೊಸದನ್ನು ಹಿಂದೆ ಕೂರಿಸಲು ಹೇಳಿ. ಬ್ರೇಕಿನ ಹೆಚ್ಚಿನ ಭಾರ ಹೊರುವುದು ಮುಂದಿನ ಜೋಡಿ, ಆದ್ದರಿಂದ ಅಲ್ಲಿಗೆ ಬರುವ ಹಳೆಯದರಲ್ಲೂ ಕನಿಷ್ಠ 3 ಮಿಲಿಮೀಟರ್ ಉಳಿದಿರಬೇಕು. ಅಷ್ಟಿಲ್ಲದಿದ್ದರೆ ಎರಡರ ಲೆಕ್ಕ ನಡೆಯುವುದಿಲ್ಲ; ನಾಲ್ಕಕ್ಕೆ ದುಡ್ಡು ಹೊಂದುವ ತನಕ ಮಳೆಯ ದಿನ ಕಾರು ಮನೆಯಲ್ಲಿರಲಿ, ಕೋಣನಕುಂಟೆ ಕ್ರಾಸಿನಲ್ಲಿ ಮೆಟ್ರೊ ಹತ್ತಿ.